ತಂಪಣ್ಣ ಕಟ್ಟಿದ ನೆರಳು

ಬೀದಿಯವರೆಲ್ಲ ಅವನನ್ನು ತಂಪಣ್ಣ ಎನ್ನುತ್ತಿದ್ದರು. ಎಸಿ ರಿಪೇರಿಯವನಿಗೆ ಅದಕ್ಕಿಂತ ಒಪ್ಪುವ ಹೆಸರು ಇನ್ನೇನಿದ್ದೀತು? ದಿನವಿಡೀ ತಾರಸಿಗಳ ಮೇಲೆ ಬೆಂದು ಬರುವವನಿಗೆ ಈ ಹೆಸರಿಟ್ಟವರು ಯಾರೋ ಕಿಲಾಡಿಗಳೇ ಇರಬೇಕೆಂದು ಹೆಂಡತಿ ಮಾತ್ರ ನಗುತ್ತಿದ್ದಳು.

ಯಾರ ಮನೆಗೆ ಹೋದರೂ ಅವನು ಮೊದಲು ಒಳಗೆ ಕಾಲಿಡುತ್ತಿರಲಿಲ್ಲ. ಮನೆ ಸುತ್ತಿ ಹೋಗಿ, ಹೊರಗಿನ ಯೂನಿಟ್ಟಿನ ಮುಂದೆ ಜ್ವರ ನೋಡುವವನಂತೆ ಅಂಗೈ ಹಿಡಿಯುತ್ತಿದ್ದ. ಎಸಿ ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಸೆಕೆಯನ್ನು ಹೊತ್ತು ತಂದು ಹೊರಗೆ ಸುರಿಯುತ್ತದೆ, ಹೊರಗೇ ಕಾದಿದ್ದರೆ ಸುರಿಯಲು ಹೆಣಗುತ್ತದೆ ಎಂದು ಬಿಡಿಸಿ ಹೇಳುತ್ತಿದ್ದ. ರಿಮೋಟಿನಲ್ಲಿ ಅಂಕಿ ಇಳಿಸಿದರೆ ಬಿಸಿಲು ಇಳಿಯುತ್ತದೆಯೇ ಎಂದು ಛೇಡಿಸುತ್ತಿದ್ದ. ನಗುತ್ತಲೇ ಹೇಳುತ್ತಿದ್ದುದರಿಂದ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಹೆಂಡತಿ ಹೃದಯದ ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದಳು. ಸೆಕೆ ತಾಗಕೂಡದು ಎಂದಿದ್ದರು ಡಾಕ್ಟರು. ಇಷ್ಟು ವರ್ಷ ಊರವರ ಕೋಣೆಗಳನ್ನು ತಣಿಸಿದವನು ಮೊದಲ ಸಲ ತನ್ನ ಮನೆಗೊಂದು ಎಸಿ ಹಾಕಿದ. ಹೊರಗಿನ ಯೂನಿಟ್ಟಿಗೆ ಪಶ್ಚಿಮದ ಗೋಡೆಯೇ ಗತಿ. ಬಿಸಿಲು ಬಡಿಯದಿರಲೆಂದು ರಜೆಯ ದಿನವೆಲ್ಲ ಕೂತು ಅದಕ್ಕೆ ತಗಡಿನ ಗೂಡು ಕಟ್ಟಿದ. ಮೇಲೆ, ಪಕ್ಕಕ್ಕೆ, ಮುಂದೆಯೂ ತಗಡು. ಗಾಳಿಗೆಂದು ಮುಂದೊಂದು ಸಂದು ಬಿಟ್ಟ. ಬಣ್ಣವನ್ನೂ ಬಳಿದ.

ಬೆಳಗ್ಗೆ ಕೋಣೆ ಹಿತವಾಗಿರುತ್ತಿತ್ತು. ಬಿಸಿಲು ನೆತ್ತಿಗೇರಿದರೆ ಹೊರಗಿನ ಯೂನಿಟ್ಟು ಏದುಸಿರು ಬಿಡುತ್ತ ಗೊರಗೊರ ಎಂದು ನಿಂತುಬಿಡುತ್ತಿತ್ತು. ಆಮೇಲೆ ಬರುತ್ತಿದ್ದುದು ಬರೀ ಬೆಚ್ಚನೆ ಗಾಳಿ. ಅವಳು ಒದ್ದೆ ಬಟ್ಟೆ ಎದೆಗೆ ಹಾಕಿಕೊಂಡು ಸಂಜೆಯ ದಾರಿ ಕಾಯುತ್ತಿದ್ದಳು. ಕೆಲಸ ಮುಗಿಸಿ ಅವನು ಬರುವಷ್ಟರಲ್ಲಿ ಹೊರಗೆ ತಣ್ಣಗಾಗಿ, ಎಸಿ ಏನೂ ಆಗಿಲ್ಲವೆಂಬಂತೆ ಓಡುತ್ತಿರುತ್ತಿತ್ತು. ಗ್ಯಾಸ್ ನೋಡಿದ, ಫಿಲ್ಟರ್ ತೊಳೆದ, ಕೆಪಾಸಿಟರ್ ಬದಲಿಸಿದ. ದೋಷ ಕೈಗೆ ಸಿಗಲಿಲ್ಲ. ಅವನ ಮುಖ ನೋಡಲಾಗದೆ ಅವಳು ಹೇಳುವುದನ್ನೇ ಬಿಟ್ಟಳು.

ಕೊನೆಗೆ ಮಗಳು ಸೋದರಮಾವನಿಗೆ ಫೋನ್ ಮಾಡಿದಳು. ಮಾವನ ಮನೆ ಇರುವುದು ಬೆಟ್ಟದ ಮೇಲಿನ ತಂಪು ಊರಿನಲ್ಲಿ. ಶುಕ್ರವಾರ ಬಂದು, ಮಳೆಗಾಲ ಹಿಡಿಯುವವರೆಗೆ ಅಕ್ಕನನ್ನು ಕರೆದೊಯ್ಯುತ್ತೇನೆ ಎಂದ ಮಾವ. ಹೆಂಡತಿಗೋ ಹೋಗಲು ಮನಸ್ಸೇ ಇಲ್ಲ. ಆಸ್ಪತ್ರೆಯಲ್ಲಿ ಅವಳು ಹಂಬಲಿಸಿದ್ದೇ ಈ ಕಿಟಕಿಗೆ, ಸಂಜೆ ಅಂಗಳದಲ್ಲಿ ಅವನು ಚೀಲ ಇಳಿಸುವ ಸದ್ದಿಗೆ.

"ರೀ, ನೀವು ಬರೋ ಹೊತ್ತಿಗೆ ಅದಕ್ಕೆ ವಾಸಿ ಆಗಿರುತ್ತೆ," ಎಂದಳು. "ನಾಳೆ ಮಧ್ಯಾಹ್ನ ಮನೇಲೇ ಇರಿ."

ಕೆಲಸ ಮೈಮೇಲೆ ಬಿದ್ದಿದ್ದ ಕಾಲ. ಆದರೂ ಅವನು ಫೋನ್ ಆಫ್ ಮಾಡಿ ಮಂಚದ ಪಕ್ಕ ನೆಲದ ಮೇಲೆ ಕೂತ. ಬಿಸಿಲೇರಿತು. ಗೊರಗೊರ ಶುರುವಾಗಿ ನಿಂತಿತು. ಅವನು ಎದ್ದು, ಪರರ ಮನೆಗೆ ಬಂದವನಂತೆ ಗೋಡೆ ಸುತ್ತಿ ಹೋಗಿ ತಗಡಿನ ಸಂದಿಯಲ್ಲಿ ಕೈ ತೂರಿಸಿದ. ಫಕ್ಕನೆ ಎಳೆದುಕೊಂಡ. ಕಿಟಕಿಯಿಂದ ಅವಳಿಗೆ ಎಲ್ಲ ಕಾಣುತ್ತಿತ್ತು.

"ತಾನು ಉಗುಳಿದ ಬಿಸೀನ ತಾನೇ ಮತ್ತೆ ನುಂಗ್ತಿದೆ ಕಣೇ," ಎಂದ. "ನಾನೇ ಉಸಿರು ಕಟ್ಟಿಸಿದ್ದೀನಿ."

"ಬೇರೆಯವರ ಮನೇಲಿ ಹೀಗೆ ಕಟ್ಟಿದ್ರೆ ನಿಂತಲ್ಲೇ ಬೈದಿರ್ತಿದ್ರಿ."

"ಅಲ್ಲೆಲ್ಲ ನೀನು ಮಲಗಿರಲ್ವಲ್ಲ."

ಅವನು ಸ್ಕ್ರೂಡ್ರೈವರ್ ತಂದು ತಗಡುಗಳನ್ನು ಕಳಚಿದ. ಒಂದನ್ನು ಮಾತ್ರ ಎತ್ತರದಲ್ಲಿ, ಕೊಡೆಯಂತೆ ನಿಲ್ಲಿಸಿದ.

ಶುಕ್ರವಾರ ಅವಳ ತಮ್ಮ ಬಂದಾಗ ಉರಿಬಿಸಿಲು. ಬೆವರು ಒರೆಸಿಕೊಳ್ಳುತ್ತ ಅಕ್ಕನ ಕೋಣೆಗೆ ಬಂದವನು, ಬೇಗ ಹೊರಡೋಣ ಎನ್ನುತ್ತಲೇ ಕುರ್ಚಿಗೆ ಒರಗಿದ. ಮಾತು ನಿಧಾನವಾಯಿತು, ಕತ್ತು ವಾಲಿತು. ನಿದ್ದೆಗಣ್ಣಲ್ಲೇ ಅಕ್ಕನ ಹೊದಿಕೆಯ ತುದಿಯನ್ನು ತನ್ನ ಮೇಲೆಳೆದುಕೊಂಡ.

ತಂಪಣ್ಣ ಬಾಗಿಲಲ್ಲಿ ಇಣುಕಿದ. ಸದ್ದು ಮಾಡಬೇಡಿ ಎಂದು ಅವಳು ತುಟಿಗೆ ಬೆರಳಿಟ್ಟಳು. ಗೋಡೆಯಾಚೆ ಯೂನಿಟ್ಟು ಒಂದೇ ಸಮನೆ ಉಸಿರಾಡುತ್ತಿತ್ತು.