ಅಕ್ಕನ ಮಾತಿನ ಫೈಲು

ಆಫೀಸಿನಲ್ಲಿ ಅವರನ್ನು ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಅವರ ಕೆಲಸ ಪಾಠ ಹೇಳುವುದಲ್ಲ, ಸಾಮಾನು ಸಾಗಿಸುವ ಒಂದು ಕಂಪನಿಗೆ ಪ್ರೋಗ್ರಾಮು ಬರೆಯುವುದು. ಆದರೆ ಹೊಸಬರು ಯಾರಾದರೂ ತಪ್ಪು ಮಾಡಿ ಕೈಗೆ ಸಿಕ್ಕರೆಂದರೆ ಮುಗಿಯಿತು, ಬಿಳಿ ಹಲಗೆಯ ಮುಂದೆ ನಿಲ್ಲಿಸಿಕೊಂಡು ಅ ಆ ಇ ಈಯಿಂದ ಶುರುಮಾಡುತ್ತಿದ್ದರು. ಅವರಿಗೆ ಅತ್ಯಂತ ಪ್ರೀತಿಯ ಪಾಠವೆಂದರೆ ಮಂಚದ್ದು.

"ಮಂಚನ ಹಾಗೇ ಬಾಗಿಲಲ್ಲಿ ತೂರಿಸಕ್ಕಾಗುತ್ತೇನ್ರೀ? ಕಾಲು ಬಿಚ್ಚಬೇಕು, ಪಟ್ಟಿ ಬಿಚ್ಚಬೇಕು, ಆ ಕಡೆ ಹೋಗಿ ಮತ್ತೆ ಜೋಡಿಸಬೇಕು. ಪ್ರೋಗ್ರಾಮಿನೊಳಗೆ ಇರೋ ವಸ್ತುನೂ ಅಷ್ಟೇ. ಡಿಸ್ಕಿಗೆ ಹೋಗಬೇಕಂದ್ರೆ ಬಿಚ್ಚಿ, ಬೈಟುಗಳ ಸಾಲು ಮಾಡಿ ಕಳಿಸಬೇಕು. ಸೀರಿಯಲೈಸ್ ಮಾಡೋದು ಅಂದ್ರೆ ಇದೇ. ವಾಪಸ್ ಜೋಡಿಸೋವಾಗ ನಕ್ಷೆ ಅದೇ ಇರಬೇಕು. ನಕ್ಷೆ ಒಂಚೂರು ಬದಲಾಯಿಸಿದ್ರೂ, ಇದು ಅದೇ ಮಂಚ ಕಣಪ್ಪ ಅಂತ ಮೊದಲೇ ಒಂದು ನಂಬರು ಬರೆದಿಟ್ಟಿರಬೇಕು. ಬರೀಲಿಲ್ವಾ, ಹಳೇ ಫೈಲು ನಿಮ್ಮ ಮುಖಾನೂ ನೋಡಲ್ಲ."

ಇಷ್ಟು ಚೆನ್ನಾಗಿ ಪಾಠ ಹೇಳುವ ಮನುಷ್ಯ ಅಕ್ಕನಿಗಾಗಿ ಬರೆದ ಪ್ರೋಗ್ರಾಮಿನಲ್ಲಿ ಆ ನಂಬರು ಬರೆದಿರಲಿಲ್ಲ. ಮನೆ ಮಟ್ಟಿಗೆ ತಾನೆ, ಯಾರು ಕೇಳುತ್ತಾರೆ ಅಂದುಕೊಂಡಿದ್ದರು.

ಅಕ್ಕ ಬಟ್ಟೆ ಅಂಗಡಿಯಲ್ಲಿ ಮಾರಾಟದ ಕೆಲಸದಲ್ಲಿದ್ದವಳು. ಮಳೆಗೆ ನಿಲ್ಲಲು ಬಂದವರ ಕೈಯಲ್ಲೂ ಎರಡು ಮೀಟರ್ ಬಟ್ಟೆ ಕಟ್ಟಿಸಿ ಕಳಿಸುವಂಥ ಬಾಯಿ. ಅಮ್ಮ ಹೋದಮೇಲೆ ತಮ್ಮನನ್ನು ಸಾಕಿದ್ದೂ ಅದೇ ಬಾಯಿಯ ಜೋರಿನಿಂದಲೇ. ಅಂಥವಳಿಗೆ ನರಗಳ ಕಾಯಿಲೆ ಬಂತು. ಮೊದಲು ಕಾಲು ಹೋಯಿತು, ಆಮೇಲೆ ಮಾತು, ಆಮೇಲೆ ಒಂದೊಂದಾಗಿ ಬೆರಳು. ಬೆರಳೊಂದು ಇನ್ನೂ ಆಡುತ್ತಿದ್ದಾಗ ಮೇಷ್ಟ್ರು ಈ ಪ್ರೋಗ್ರಾಮು ಮಾಡಿಕೊಟ್ಟರು. ಪರದೆಯ ಮೇಲೆ ಅಕ್ಷರಗಳು ಸರದಿಯಲ್ಲಿ ಬೆಳಗುತ್ತವೆ, ಬೇಕಾದದ್ದು ಬಂದಾಗ ಅಕ್ಕ ಗುಂಡಿ ಒತ್ತುತ್ತಾಳೆ. ಬರೆದ ಮಾತನ್ನು ಕೂಡಿಟ್ಟರೆ ಮುಂದಿನ ಸಲ ಒಂದೇ ಒತ್ತಿಗೆ ಇಡೀ ವಾಕ್ಯ ಹೊರಬೀಳುತ್ತದೆ.

ಅಕ್ಕ ವರ್ಷಗಟ್ಟಲೆ ಕೂಡಿಟ್ಟಳು. ದಿಂಬು, ಬೆಡ್‌ಪ್ಯಾನು ಇದ್ದೇ ಇದ್ದವು. ಅದರ ಜೊತೆಗೆ, "ಫ್ಯಾನು ಕಮ್ಮಿ ಮಾಡ್ರೋ, ನಾನೇನು ಒಣಗ ಹಾಕಿರೋ ಬಟ್ಟೆನಾ?" ಮೂಗಿನ ನಳಿಕೆಯಲ್ಲಿ ಆಹಾರ ಶುರುವಾದ ದಿನ ಗಂಡನಿಗೆ, "ರೀ, ನಿಮ್ಮ ಅಡುಗೆ ಇನ್ಮೇಲೆ ರುಚಿ ನೋಡ್ಬೇಕಾಗಿಲ್ಲ, ಬದುಕ್ಕೊಂಡೆ." ಮಗಳಿಗೆ, "ಕನ್ನಡಿ ಬಿಟ್ಟು ಪುಸ್ತಕ ನೋಡು." ಮನೆಯವರೆಲ್ಲ ನಗುತ್ತಿದ್ದರು. ಮಲಗಿದಲ್ಲಿಂದಲೇ ಅವಳು ಮನೆಯನ್ನು ಆಳುತ್ತಿದ್ದಳು.

ಈಗ ಬೆರಳೂ ಹೋಗಿತ್ತು. ಉಳಿದದ್ದು ಬಲಗಣ್ಣಿನ ರೆಪ್ಪೆ ಒಂದೇ. ಪುಟ್ಟ ಕ್ಯಾಮರಾ ಆ ರೆಪ್ಪೆಯನ್ನು ಕಾಯುತ್ತಿತ್ತು, ರೆಪ್ಪೆ ಹೊಡೆದರೆ ಗುಂಡಿ ಒತ್ತಿದಂತೆ. ನಾಲ್ಕೈದು ಅಕ್ಷರ ಆರಿಸುವಷ್ಟರಲ್ಲಿ ರೆಪ್ಪೆ ಸೋತು ಬೀಳುತ್ತಿತ್ತು, ಆಮೇಲೆ ಮಾರನೇ ದಿನದವರೆಗೆ ಏಳುತ್ತಿರಲಿಲ್ಲ. ಅಕ್ಷರ ಜೋಡಿಸಿ ಮಾತಾಡುವ ಕಾಲ ಮುಗಿದಿತ್ತು. ಕೂಡಿಟ್ಟ ವಾಕ್ಯಗಳಿದ್ದದ್ದಕ್ಕೆ ಅಕ್ಕನಿಗೆ ಮಾತಿತ್ತು, ಅಷ್ಟೇ.

ರೆಪ್ಪೆ ನಿಧಾನವಾಗುತ್ತಿದೆ, ಅದಕ್ಕೆ ತಕ್ಕಂತೆ ಪರದೆಯೂ ನಿಧಾನವಾಗಲಿ ಎಂದು ಮೇಷ್ಟ್ರು ಒಂದು ಭಾನುವಾರ ಪ್ರೋಗ್ರಾಮು ತಿದ್ದಿದರು. ವಾಕ್ಯದ ನಕ್ಷೆಗೆ ಒಂದೇ ಒಂದು ಹೊಸ ಖಾನೆ ಸೇರಿಸಿದರು. ತಮ್ಮ ಲ್ಯಾಪ್‌ಟಾಪಿನಲ್ಲಿ ಓಡಿಸಿಯೂ ನೋಡಿದರು. ಅಲ್ಲಿ ಹಳೆಯ ಫೈಲೇ ಇರಲಿಲ್ಲ, ತಕರಾರು ಎಲ್ಲಿಂದ ಬರಬೇಕು? ಅಕ್ಕನ ಮನೆಗೆ ಹೋಗಿ ಹೊಸದನ್ನು ಹಾಕುತ್ತಿದ್ದಾಗ ಆಫೀಸಿನಿಂದ ಫೋನು ಬಂತು. ಮಾತಾಡುತ್ತ ಮಾತಾಡುತ್ತಲೇ ಚಪ್ಪಲಿ ಮೆಟ್ಟಿ ಹೊರಟುಬಿಟ್ಟರು.

ಸಂಜೆ ಭಾವ ಫೋನು ಮಾಡಿದರು. "ಏನೋ ಇದು, ಬರೀ ಅಕ್ಷರ ಬರ್ತಿದೆ? ಅವಳ ಮಾತು ಒಂದೂ ಕಾಣಿಸ್ತಿಲ್ಲ."

ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. "ಭಾವ, ದಯವಿಟ್ಟು ಏನೂ ಮುಟ್ಟಬೇಡಿ."

"ನಾನೇನು ಮುಟ್ಟಿಲ್ಲಪ್ಪ. ಒಂದ್ಸಲ ಆಫ್ ಮಾಡಿ ಆನ್ ಮಾಡ್ದೆ, ಅಷ್ಟೇ."

ಬೈಯುವ ಹಾಗೂ ಇರಲಿಲ್ಲ, ಏನು ಕೆಟ್ಟರೂ ಮೊದಲು ಆಫ್ ಮಾಡಿ ಆನ್ ಮಾಡಿ ಅಂತ ಭಾವನಿಗೆ ಕಲಿಸಿದವರೇ ಇವರು. ಆಗಿದ್ದದ್ದು ಇಷ್ಟು: ನಂಬರು ಬರೆದಿಟ್ಟಿರಲಿಲ್ಲವಾಗಿ, ನಕ್ಷೆ ಬದಲಾದದ್ದೇ ತಡ ಹಳೆಯ ಫೈಲನ್ನು ಪ್ರೋಗ್ರಾಮು ಓದಲೊಲ್ಲೆ ಎಂದಿತು. ಓದಲಾಗದಿದ್ದರೆ ಗದ್ದಲ ಮಾಡದೆ ಖಾಲಿ ಪಟ್ಟಿಯಿಂದ ಶುರುಮಾಡು ಅಂತ ಮೇಷ್ಟ್ರೇ ಹಿಂದೊಮ್ಮೆ ಬರೆದಿದ್ದರು, ಫೈಲೇ ಇಲ್ಲದ ಮೊದಲ ದಿನದ ಅನುಕೂಲಕ್ಕೆ. ಆಮೇಲೆ ತೆಗೆಯುವುದು ಮರೆತುಹೋಗಿತ್ತು. ಆಫ್ ಮಾಡಿದಾಗ ಖಾಲಿ ಪಟ್ಟಿ ಅಕ್ಕನ ಫೈಲಿನ ಜಾಗದಲ್ಲಿ ಕೂತು, ಹಳೆಯದು, ಪ್ರೋಗ್ರಾಮು ಸದಾ ಇಟ್ಟುಕೊಳ್ಳುತ್ತಿದ್ದ ಒಂದೇ ಒಂದು ಕಾಪಿಯ ಜಾಗಕ್ಕೆ ಸರಿಯಿತು. ಆನ್ ಮಾಡಿದ ಮೇಲೆ ಪ್ರೋಗ್ರಾಮು ತನ್ನ ಪಾಡಿಗೆ ಇನ್ನೊಮ್ಮೆ ಉಳಿಸಿಕೊಂಡಿತು. ಖಾಲಿ ಪಟ್ಟಿ ಕಾಪಿಯನ್ನೂ ನುಂಗಿತು.

ಮೇಷ್ಟ್ರು ಓಡಿಬಂದು ಡಿಸ್ಕನ್ನೆಲ್ಲ ಜಾಲಾಡಿದರು. ಇಂಥ ಫೈಲುಗಳೆಲ್ಲ ಶುರುವಾಗುವ ಮೊದಲ ಬೈಟುಗಳು ಅವರಿಗೆ ಬಾಯಿಪಾಠ. ಎರಡು ಕಡೆ ಸಿಕ್ಕವು. ಎರಡೂ ಖಾಲಿ ಪಟ್ಟಿಗಳೇ. ಕಳೆದ ಫೈಲು ಹುಡುಕಿಕೊಡುವ ಅಂಗಡಿಗೆ ಡಿಸ್ಕು ಹಿಡಿದುಕೊಂಡು ಹೋದರು. ಅಂಗಡಿಯವನು ಅತ್ತಿತ್ತ ತಿರುಗಿಸಿ ನೋಡಿ, "ಹಳೇ ತರದ ಡಿಸ್ಕಾಗಿದ್ರೆ ಏನಾದ್ರೂ ಮಾಡಬಹುದಿತ್ತು ಸಾರ್. ಇವು ಅಳಿಸಿದ್ದನ್ನ ತಾವೇ ಗುಡಿಸಿ ಹಾಕ್ಬಿಡ್ತವೆ," ಅಂದ. ಮೇಷ್ಟ್ರು ಅವನ ಕೈ ಹಿಡಿದುಕೊಂಡು, ಇನ್ನೊಮ್ಮೆ ನೋಡಪ್ಪ, ನನ್ನಕ್ಕನ ಮಾತು ಅದರೊಳಗಿದೆ ಅಂದರು. ಅವನು ಪಾಪ ಇನ್ನೊಮ್ಮೆ ನೋಡಿದ. ಇಲ್ಲ ಅಂದ.

ದಾರಿಯುದ್ದಕ್ಕೂ ಅವರಿಗೆ ಒಂದೇ ಯೋಚನೆ. ಕಾಯಿಲೆ ಇಷ್ಟು ವರ್ಷ ಒದ್ದಾಡಿದರೂ ಕಿತ್ತುಕೊಳ್ಳಲಾಗದ್ದನ್ನು ತಾನು ಒಂದು ಭಾನುವಾರ ಕಿತ್ತುಕೊಂಡೆ, ಅದೂ ಒಳ್ಳೆಯದು ಮಾಡಲು ಹೋಗಿ. ಬೀದಿಯ ನಡುವೆ ನಿಂತು ಗೊಳೋ ಎಂದು ಅತ್ತರು. ಯಾರೋ ತಿರುಗಿ ನೋಡಿದರು, ನೋಡಲಿ.

ಅಕ್ಕನಿಗೆ ಹೇಳಲೇಬೇಕಾಯಿತು. "ಅಕ್ಕಾ, ನಿನ್ನ ಮಾತೆಲ್ಲ ಹೋಯ್ತು. ನಾನೇ ಕಳೆದೆ." ಅಕ್ಕ ಅವರನ್ನೇ ನೋಡಿದಳು. ಆ ಮುಖದಲ್ಲಿ ಸಿಟ್ಟಿತ್ತೋ ಏನಿತ್ತೋ, ಮುಖ ಏನನ್ನೂ ತೋರಿಸುವ ಸ್ಥಿತಿಯಲ್ಲಿರಲಿಲ್ಲ.

ಉಪಾಯ ಹೊಳೆದದ್ದು ಅಕ್ಕನ ಮಗಳಿಗೆ. "ಮಾಮ, ಅಮ್ಮ ನಮಗೆ ಏನೇನು ಹೇಳ್ತಿದ್ಲು ಅನ್ನೋದು ನಮಗೆ ನೆನಪಿದೆಯಲ್ಲ? ನಾವು ಹೇಳೋಣ. ಸರಿ ಇದ್ರೆ ಅಮ್ಮ ರೆಪ್ಪೆ ಹೊಡೀಲಿ. ನೀನು ಟೈಪ್ ಮಾಡು."

ಮಂಚದ ಸುತ್ತ ಎಲ್ಲರೂ ಸೇರಿದರು. ಭಾವ ಗಂಟಲು ಸರಿಮಾಡಿಕೊಂಡು ಫ್ಯಾನಿನ ಮಾತು ಹೇಳಿದರು. ರೆಪ್ಪೆ ಬಿತ್ತು, ಎದ್ದಿತು. ಅಡುಗೆಯ ಮಾತಿನಲ್ಲೂ ಒಂದಕ್ಷರ ತಪ್ಪಲಿಲ್ಲ. ಮಗಳು ತಾನು ತಿಂದ ಬೈಗುಳವನ್ನೆಲ್ಲ ಪಟಪಟನೆ ಒಪ್ಪಿಸಿದಳು, ಒಂದು ಕಡೆ ಅಮ್ಮನಂತೆಯೇ ಎಳೆದು ಹೇಳಿದಳು. ಸಂಜೆ ಸಂಜೆ ಇದೇ ನಡೆಯಿತು. ಸ್ವಲ್ಪಕ್ಕೇ ರೆಪ್ಪೆ ಸೋಲುತ್ತಿತ್ತು, ನಿಲ್ಲಿಸುತ್ತಿದ್ದರು. ಯಾರ ನೆನಪಿಗೂ ಬಾರದ ಮಾತುಗಳು ಎಷ್ಟಿದ್ದವೋ, ಅದನ್ನು ಬಲ್ಲವಳು ಅಕ್ಕ ಒಬ್ಬಳೇ.

ಆಮೇಲೆ ಒಂದು ಸಂಜೆ ಭಾವ ಕೇಳಿದರು, "ನಿನ್ನದು ಹೇಳೋ. ವಾರ ವಾರ ಬರ್ತಿದ್ದೆ. ನಿನಗೇನು ಹೇಳ್ತಿದ್ಲು?"

ಮೇಷ್ಟ್ರು ನೆನಪು ಕೆದಕಿದರು. ಇನ್ನಷ್ಟು ಹುಡುಕಿದರು. ಅಕ್ಷರ ಎಷ್ಟು ಬೇಗ ಬೆಳಗುತ್ತಿತ್ತು, ಯಾವ ಸಾಲು ತಡವರಿಸುತ್ತಿತ್ತು, ಸ್ಪೀಕರು ಎಲ್ಲಿ ಗರಗರ ಅನ್ನುತ್ತಿತ್ತು, ಎಲ್ಲ ನೆನಪಿತ್ತು. ಅಕ್ಕ ಮಾತಾಡುವಾಗೆಲ್ಲ ಅವರು ಪ್ರೋಗ್ರಾಮು ನೋಡುತ್ತಿದ್ದರು. ಅಕ್ಕ ಏನು ಹೇಳಿದಳು ಎಂಬುದು ಕಿವಿಗೇ ಬಿದ್ದಿರಲಿಲ್ಲ.

"ನೆನಪಿಲ್ಲ ಭಾವ," ಅಂದರು. ಆಮೇಲೆ ಮಂಚದ ಕಡೆ ಬಾಗಿ, "ಅಕ್ಕಾ, ನೆನಪಿಲ್ಲ ಕಣೆ. ಒಂದೂ ನೆನಪಿಲ್ಲ."

ಅಕ್ಕನ ರೆಪ್ಪೆ ಬಿತ್ತು. ಪರದೆಯ ಮೇಲೆ ಒಂದಕ್ಷರ ಮೂಡಿತು. "ಬೇಡ ಅಕ್ಕಾ, ಸುಸ್ತಾಗುತ್ತೆ," ಅಂದರು ಮೇಷ್ಟ್ರು. ಅಕ್ಕ ಅವರ ಮಾತು ಯಾವಾಗ ಕೇಳಿದ್ದಳು? ಅಕ್ಷರಗಳು ಸರದಿಯಲ್ಲಿ ಬೆಳಗಿದವು, ಸುತ್ತು ತಿರುಗಿ ಮತ್ತೆ ಬಂದವು. ಒಮ್ಮೆ ತಪ್ಪಿತು, ಅಳಿಸಿ ಮತ್ತೆ ಕಾದಳು. ರೆಪ್ಪೆ ಅದುರುತ್ತಿತ್ತು, ಕಣ್ಣಂಚಿನಿಂದ ನೀರಿಳಿಯುತ್ತಿತ್ತು. ಮಗಳು ಒರೆಸಿದಳು. ಕೊನೆಗೆ ಸ್ಪೀಕರು ಓದಿತು: "ಕೂತ್ಕೋ."

"ಅದೇ ನೋಡು," ಅಂದರು ಭಾವ ಮೆಲ್ಲಗೆ. "ನೀನು ಬಂದಾಗೆಲ್ಲ ಅದನ್ನೇ ಹೇಳ್ತಿದ್ದದ್ದು. ನೀನು ನಿಂತುಕೊಂಡೇ ವೈರು ನೋಡಿ ಹೋಗ್ತಿದ್ದೆ."

ಮೇಷ್ಟ್ರು ಕುರ್ಚಿ ಎಳೆದುಕೊಂಡು ಮಂಚಕ್ಕೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ಪರದೆಯ ಕಡೆ ತಿರುಗಲಿಲ್ಲ, ಅಕ್ಕನ ಮುಖವನ್ನೇ ನೋಡಿದರು. "ಕೂತೆ ಅಕ್ಕಾ. ಹೇಳು."

ಬಲಗಣ್ಣಿನ ರೆಪ್ಪೆ ಒಮ್ಮೆ ಅಲುಗಿತು. ಅರ್ಧಕ್ಕೆ ಎದ್ದು, ಮತ್ತೆ ಬಿತ್ತು. ಅವರು ಕಾದರು. ಆ ದಿನ ಅದು ಮತ್ತೆ ಏಳಲಿಲ್ಲ. ಅಕ್ಕನ ಉಸಿರು ಇತ್ತು, ರೆಪ್ಪೆ ಮಾತ್ರ ಮಾರನೇ ದಿನವೂ ಏಳಲಿಲ್ಲ.