ಒಂದೇ ಹೆಸರಿನ ಎರಡು ಕಂಪ್ಯೂಟರ್

ಕಂಪ್ಯೂಟರಿನಲ್ಲಿ 'ನೆಟ್‌ವರ್ಕ್' ಎಂಬ ಕಿಟಕಿಯೊಂದಿದೆ. ಅದನ್ನು ತೆರೆದರೆ ಮನೆಯ ವೈಫೈಗೆ ಸೇರಿಕೊಂಡ ಕಂಪ್ಯೂಟರುಗಳೆಲ್ಲ ಹೆಸರುಸಹಿತ ದರ್ಶನ ಕೊಡಬೇಕೆಂಬುದು ಶಾಸ್ತ್ರ. ನನ್ನದರಲ್ಲಿ ಮಾತ್ರ ಕಾಣುವುದು ನನ್ನದೊಂದೇ. ಸ್ವದರ್ಶನಕ್ಕೆ ಕನ್ನಡಿ ಸಾಲದೇ, ಇಷ್ಟು ದುಬಾರಿ ಯಂತ್ರವೇಕೆ ಎಂದು ಹಲ್ಲು ಕಡಿಯುತ್ತ ಆ ಭಾನುವಾರ ಬೆಳಗಿನಿಂದ ಅದರ ಮುಂದೆ ಕುಳಿತಿದ್ದೆ.

ನನಗೆ ಬೇಕಾಗಿದ್ದುದು ಒಂದೇ ಒಂದು ಫೈಲು. ನಮ್ಮಪ್ಪ ಮಾನ್ವಿಯ ನೆಂಟರ ಮನೆಯ ಕಟ್ಟೆಯ ಮೇಲೆ ಕುಳಿತು ಹಾಡಿದ ತತ್ವಪದವನ್ನು ನನ್ನ ತಮ್ಮ ತನ್ನ ಹಳೆಯ ಮೊಬೈಲಿನಲ್ಲಿ ಹಿಡಿದಿಟ್ಟಿದ್ದ. ಅಪ್ಪನ ದನಿ ಎಂದು ಈ ಜಗತ್ತಿನಲ್ಲಿ ಉಳಿದಿರುವುದು ಅಷ್ಟೇ. ಅದು ಈಗ ಇರುವುದು ಮಹಡಿಯ ಮೇಲೆ, ತಮ್ಮನ ಕಂಪ್ಯೂಟರಿನಲ್ಲಿ. ಮರುದಿನ ಅಪ್ಪನ ಪುಣ್ಯಸ್ಮರಣೆ, ದೇವದುರ್ಗದಿಂದ ಸೋದರತ್ತೆ ಬರುವವರಿದ್ದರು. ಮನೆ ತುಂಬುವ ಮೊದಲು ಆ ದನಿಯನ್ನೊಮ್ಮೆ ನೆಮ್ಮದಿಯಾಗಿ ಕೇಳಬೇಕೆಂಬುದು ಅವ್ವನ ಆಸೆ. ಮೊಣಕಾಲು ನೋವಿನ ಅವ್ವ ಮಹಡಿ ಹತ್ತಲಾರಳು.

ಪೆನ್‌ಡ್ರೈವ್ ಎಂಬುದೊಂದಿದೆಯಲ್ಲ ಎಂದು ನೀವು ಕೇಳುತ್ತೀರಿ. ಇದೆ, ಆದರೆ ಅದನ್ನು ಹಿಡಿದು ಮೆಟ್ಟಿಲು ಹತ್ತುವವರು ಯಾರು? ನೀರಿನ ಮೋಟರನ್ನು ಯಾರು ಹಚ್ಚಬೇಕು, ಯಾರು ಬಂದ್ ಮಾಡಬೇಕು ಎಂಬ ಘನಗಂಭೀರ ಪ್ರಶ್ನೆಯ ಮೇಲೆ ನಾವು ಅಣ್ಣತಮ್ಮಂದಿರು ಮಾತು ಬಿಟ್ಟು, ಮನೆಯನ್ನು ಮೇಲು ಕೆಳಗಾಗಿ ಹಂಚಿಕೊಂಡಿದ್ದೇವೆ. ಪಾಲಾಗದೆ ಉಳಿದವು ಎರಡೇ: ವೈಫೈ ಮತ್ತು ಅವ್ವ. ಶಕ್ತಿನಗರದಲ್ಲಿ ಕರೆಂಟು ತಯಾರಿಸುವ ತಮ್ಮ, ನಾನು ಯರಗೇರಾದ ಬಸ್ಸು ಹತ್ತಿ ಪಾಠ ಹೇಳಲು ಹೋದದ್ದನ್ನು ಖಾತ್ರಿ ಮಾಡಿಕೊಂಡೇ ಕೆಳಗಿಳಿದು ಅವ್ವನನ್ನು ಮಾತಾಡಿಸುತ್ತಾನೆ. ಹಾಡನ್ನು ನೆಟ್‌ವರ್ಕಿನ ಶೇರಿಂಗ್‌ನಲ್ಲಿ ಇಟ್ಟಿದ್ದೇನೆ, ಬೇಕಾದವರು ತೆಗೆದುಕೊಳ್ಳಲಿ ಎಂದು ಅವಳ ಮೂಲಕವೇ ಅಪ್ಪಣೆ ಕಳಿಸಿದ್ದ. 'ಬೇಕಾದವರು' ಅಂತೆ! ಆ ಮಾತಿಗೇ ನನ್ನ ಮೈ ಉರಿದುಹೋಯಿತು.

ಉರಿಯುತ್ತಲೇ ರೂಟರನ್ನು ಆರಿಸಿದೆ, ಹಚ್ಚಿದೆ. ಅಂತರ್ಜಾಲದ ಪಂಡಿತರು ಹೇಳಿದ ಗುಂಡಿಗಳನ್ನೆಲ್ಲ ಒತ್ತಿದೆ. ಫೈರ್‌ವಾಲನ್ನು ತೆಗೆದೆ, ಹೆದರಿ ಮತ್ತೆ ಹಾಕಿದೆ. ರಾಯಚೂರಿನ ಬಿಸಿಲು ಹೊರಗೆ ಏರಿದಂತೆ ಒಳಗೆ ನನ್ನ ಸಿಟ್ಟೂ ಏರಿತು. ಈ ನಡುವೆ ಪರದೆಯ ಮೂಲೆಯಲ್ಲಿ ಪದೇ ಪದೇ ಚೀಟಿಯೊಂದು ಇಣುಕುತ್ತಿತ್ತು. ಜಾಹೀರಾತೆಂದು ಅಷ್ಟೇ ಸಲ ಅದರ ಬಾಯಿ ಮುಚ್ಚಿಸಿದ್ದೆ. ಪ್ರಶ್ನೆಯನ್ನು ಓದದೆ ಉತ್ತರ ಬರೆಯುತ್ತೀರಲ್ಲ ಎಂದು ವಿದ್ಯಾರ್ಥಿಗಳ ಮೇಲೆ ವರ್ಷವಿಡೀ ಹರಿಹಾಯುವ ಮಹಾಶಯನು ಕೊನೆಗೆ ಅದನ್ನು ಓದಿದ: ಇದೇ ಹೆಸರಿನ ಇನ್ನೊಂದು ಕಂಪ್ಯೂಟರ್ ಈ ಜಾಲದಲ್ಲಿ ಈಗಾಗಲೇ ಇದೆ.

ನಮ್ಮ ಕಡೆ ತಾತನ ಹೆಸರನ್ನು ಮೊಮ್ಮಗನಿಗಿಡುವುದು ರೂಢಿ. ನಮ್ಮಿಬ್ಬರಿಗೂ ಹೆಣ್ಣುಮಕ್ಕಳೇ ಆದ್ದರಿಂದ ಸಿದ್ದಣ್ಣ ಎಂಬ ಅಪ್ಪನ ಹೆಸರು ಹಾಗೆಯೇ ಉಳಿದಿತ್ತು. ಕಂಪ್ಯೂಟರ್ ಕೊಂಡ ದಿನ ಅದಕ್ಕೊಂದು ಹೆಸರಿಡಬೇಕಾಗಿ ಬಂದಾಗ ನಾನು ಭಕ್ತಿಯಿಂದ ಸಿದ್ದಣ್ಣ ಎಂದಿಟ್ಟಿದ್ದೆ. ಮಹಡಿಯ ಮೇಲಿನವನೂ ಅದನ್ನೇ ಮಾಡಿದ್ದಾನೆಂದು ಈಗ ಗೊತ್ತಾಗಿ, ಸಂತೋಷಪಡುವುದು ಬಿಟ್ಟು ಕೆಂಡವಾದೆ. ಹಿರಿಮಗ ನಾನಿರುವಾಗ ಆ ಹೆಸರಿಗೆ ಇವನು ಯಾರು?

ಅವನು ಹೆಸರು ತೆಗೆಯಲಿ ಎಂದು ಅವ್ವನಿಂದ ಫೋನು ಮಾಡಿಸಿದೆ. ಅಪ್ಪನನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಾಡಿದವನು ತಾನು, ತೆಗೆಯುವುದಿದ್ದರೆ ಅಣ್ಣ ತೆಗೆಯಲಿ ಎಂದು ಉತ್ತರ ಬಂತು. ಮತ್ತೆ ಮಾಡು ಎಂದೆ. ಈ ಸಲ ಅವ್ವ ನಂಬರು ಒತ್ತದೆ ಫೋನನ್ನು ಮಗ್ಗುಲಿಗಿಟ್ಟಳು. ಗಂಡನ ಹೆಸರನ್ನು ಜನ್ಮದಲ್ಲಿ ಬಾಯಿಬಿಟ್ಟು ಹೇಳದವಳು ಅವಳು.

"ಅವರ ಹೆಸರು ಮ್ಯಾಲಿನ ಪೆಟ್ಟಿಗಿಗೇ ಇರಲಿ. ನಿಂದಕ್ಕ ನನ್ನ ಹೆಸರಿಡು," ಎಂದಳು. "ಆವಾಗರ ಅವರಿಗಿ ನಾ ಕಾಣತೀನೇನೋ ನೋಡೂಣು."

ನೀಲಮ್ಮ ಎಂದು ಹೆಸರು ಬದಲಿಸಿ, ಯಂತ್ರವನ್ನು ಆರಿಸಿ ಹಚ್ಚಿದೆ. ಅಪ್ಪನ ಫೈಲು ಸಿಕ್ಕಿತು. ಮೊದಲು ಕೆಮ್ಮು, ಆಮೇಲೆ ತಂಬೂರಿಯ ಶ್ರುತಿ, ಆಮೇಲೆ ದನಿ. ಅವ್ವ ಸೆರಗು ಸರಿಮಾಡಿಕೊಂಡು ಕುಳಿತಳು. ಸ್ವಲ್ಪ ಹೊತ್ತಿಗೆ, ದನಿ ಜೋರು ಮಾಡು, ಮೇಲಿನವನಿಗೂ ಕೇಳಲಿ ಎಂದಳು. ಹಾಡು ಅವನ ಹತ್ತಿರವೇ ಇದೆ, ಬೇಕಾದಾಗ ಕೇಳಿಕೊಳ್ಳುತ್ತಾನೆ ಎಂದು ನಾನು ಸಿಡುಕಿದೆ.

"ಕೇಳತಾನ, ದಿನಾ ಕೇಳತಾನ. ಒಬ್ಬನೇ ಕುಂತು ಕೇಳತಾನ," ಎಂದಳು ಅವ್ವ. "ಜೋರ ಮಾಡು."

ಜೋರು ಮಾಡಿದೆ. ಮೋಟರಿನ ವಿಷಯದಲ್ಲಿ ತಪ್ಪು ಅವನದೇ ಎಂದು ನಾನು ಈಗಲೂ ಸಾಧಿಸಬಲ್ಲೆ, ಸಿಟ್ಟೂ ಪೂರ್ತಿ ಇಳಿದಿಲ್ಲ. ಆದರೆ ಹಾಡು ನಡೆದಷ್ಟು ಹೊತ್ತೂ ಆ ಕಿಟಕಿ ಎದುರಿಗೆ ತೆರೆದೇ ಇತ್ತು: ಸಿದ್ದಣ್ಣ, ಪಕ್ಕದಲ್ಲಿ ನೀಲಮ್ಮ. ನನ್ನದಾಗಲಿ ತಮ್ಮನದಾಗಲಿ ಹೆಸರು ಅಲ್ಲಿ ಎಲ್ಲೂ ಇರಲಿಲ್ಲ.