ಗೂಗಲ್ಲಿನಲ್ಲಿ ಬಿಟ್ಟ ಗೋಧಿ

ಅತ್ತೆ, ಕೃಷ್ಣೆಯ ದಂಡೆಯ ಗೂಗಲ್ ಊರಿನ ದೇವರಿಗೆ ನಾನು ಯಾವ ಹರಕೆಯನ್ನೂ ಹೊತ್ತಿರಲಿಲ್ಲ. ಸುಳ್ಳು ಹೇಳಿದ್ದೆ. ಗೋಧಿ ಬಿಟ್ಟದ್ದು ನಿಜ, ದೇವರಿಗಾಗಿ ಬಿಟ್ಟದ್ದು ಸುಳ್ಳು. ಆ ಸುಳ್ಳನ್ನು ನಂಬಿ ನೀವೂ ಗೋಧಿ ಬಿಟ್ಟಿರಿ. ಸಾಯುವ ತನಕ ಒಂದು ತುತ್ತು ಗೋಧಿ ಹುಗ್ಗಿ ಬಾಯಿಗೆ ಹಾಕಲಿಲ್ಲ — ನಾನು ನೋಡುತ್ತಾ ಕೂತಿದ್ದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಹೇಳಿದ ಸುಳ್ಳು ಒಂದಲ್ಲ, ಎರಡು. ಮೊದಲನೆಯದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆ ದೇವರೇ ಎದುರು ನಿಂತು ಕೇಳಿದರೂ ಇಲ್ಲ. ಎರಡನೆಯದು — ಅದನ್ನು ಬರೆಯುವಾಗ ಈ ಕೈ ಎಷ್ಟು ಗಟ್ಟಿ ಇರುತ್ತದೋ ನೋಡೋಣ.

ನಿಮಗೆ ಗೊತ್ತಿಲ್ಲದ ಭಾಗದಿಂದ ಶುರು ಮಾಡುತ್ತೇನೆ. ದೇವದುರ್ಗದ ನಮ್ಮ ಮನೆಯಲ್ಲಿ ಗೋಧಿ ಅಂದರೆ ಹಬ್ಬದ ದಿನದ ಮಾತು. ಉಳಿದಂತೆ ಜೋಳದ ರೊಟ್ಟಿ, ನುಚ್ಚು, ಪುಂಡಿಪಲ್ಯ. ಹಾಗಾಗಿ ನನ್ನ ಹೊಟ್ಟೆಯ ಗುಟ್ಟು ನನಗೇ ಗೊತ್ತಿರಲಿಲ್ಲ. ಮಾಸ್ತರಿಕೆಯ ತರಬೇತಿಗೆಂದು ರಾಯಚೂರಿಗೆ ಬಂದು ಹಾಸ್ಟೆಲ್ ಸೇರಿದೆ ನೋಡಿ, ಅಲ್ಲಿ ಬೆಳಿಗ್ಗೆ ರವೆ ಉಪ್ಪಿಟ್ಟು, ರಾತ್ರಿ ಚಪಾತಿ. ಹಳ್ಳಿಯಿಂದ ಬಂದ ಹುಡುಗಿಯರಿಗೆಲ್ಲ ಅದು ದೊಡ್ಡ ಸುಖ. ನನಗೆ ಮಾತ್ರ ಭೇದಿ ನಿಲ್ಲಲಿಲ್ಲ. ಹೊಟ್ಟೆ ಉಬ್ಬಿತು, ಕೈಕಾಲು ಕಡ್ಡಿಯಾದವು, ಜಡೆ ಇಲಿಬಾಲದಷ್ಟಾಯಿತು. ಕೂಲಿ ಮಾಡಿ ನನ್ನನ್ನು ಓದಿಸುತ್ತಿದ್ದ ಅಪ್ಪ, ಇನ್ನು ಇವಳು ಉಳಿಯಲ್ಲ ಅಂದುಕೊಂಡೇ ಹೈದರಾಬಾದಿನ ರೈಲು ಹತ್ತಿಸಿದ. ಅಲ್ಲಿಯ ದೊಡ್ಡ ಡಾಕ್ಟರು ಬಾಯಿಯಿಂದ ನಳಿಗೆ ಇಳಿಸಿ ಕರುಳಿನ ಚೂರು ತೆಗೆದು ನೋಡಿದರು. ಸೀಲಿಯಾಕ್ ಅಂತ ಹೆಸರು ಹೇಳಿದರು. ಗೋಧಿ ಇವಳ ಕರುಳನ್ನು ತಿನ್ನುತ್ತಿದೆ, ಇದಕ್ಕೆ ಗುಳಿಗೆ ಇಲ್ಲ, ಜೀವ ಇರುವ ತನಕ ಗೋಧಿ ಬಿಡುವುದೇ ಔಷಧ — ಉರ್ದುವಿನಲ್ಲಿ ಹೇಳಿದ್ದನ್ನು ಅಪ್ಪ ನನಗೆ ಬಿಡಿಸಿ ಹೇಳಿದ. ಹೇಳುತ್ತಾ ನಕ್ಕುಬಿಟ್ಟ.

"ಇಷ್ಟನ? ನಮ್ಮ ಮನ್ಯಾಗ ಗೋಧಿ ಎಲ್ಲಿ ಅದ ಯವ್ವಾ?"

ರೊಟ್ಟಿ ತಿಂದು ನಾನು ಎದ್ದು ಕೂತೆ. ತರಬೇತಿ ಮುಗಿಸಿದೆ. ಅವ್ವ ಮಾತ್ರ ನಗಲಿಲ್ಲ. "ಯಾರ ಮುಂದೂ ಅನಬ್ಯಾಡ. ಕರುಳು ಕೆಟ್ಟ ಹುಡುಗಿ ಅಂದ್ರ ಯಾರು ಮಾಡ್ಕೋತಾರ" ಅಂದಳು. ನಾವು ಬಾಯಿ ಮುಚ್ಚಿಕೊಂಡೆವು, ನೀವು ಬಂದು ನೋಡಿ ಒಪ್ಪಿಕೊಂಡಿರಿ. ಮದುವೆಯಾದ ಮೇಲೆ ನಿಮ್ಮ ಮಗನಿಗೂ ನಾನು ಹೇಳಲಿಲ್ಲ.

ನನ್ನ ನಸೀಬು ನೋಡಿ — ರಾಯಚೂರು ಸೀಮೆಯಲ್ಲಿ ಅಷ್ಟು ಅತ್ತೆಯರಿದ್ದು, ನನಗೆ ಸಿಕ್ಕವರು ಮಾನ್ವಿಯ ಹುಗ್ಗಿ ಈರಮ್ಮ. ಗಂಡ ಸತ್ತ ಮೇಲೆ ಮದುವೆ ಮನೆಗಳಲ್ಲಿ ಗೋಧಿ ಹುಗ್ಗಿ ಮಾಡಿಯೇ ಮಗನನ್ನು ಓದಿಸಿ ನೌಕರಿಗೆ ಹಚ್ಚಿದವರು ನೀವು. ಗೋಧಿಗೆ ನೀರು ಚಿಮುಕಿಸಿ ಒರಳಲ್ಲಿ ಕುಟ್ಟಿ, ಸಿಪ್ಪೆ ಕೇರಿ, ಬೆಲ್ಲ, ಗಸಗಸೆ, ಕೊಬ್ಬರಿ ಹಾಕಿ ನೀವು ಹುಗ್ಗಿ ಇಳಿಸಿದರೆ ಬೀಗರು ಜಗಳ ಮರೆಯುತ್ತಿದ್ದರಂತೆ. ಮಗನ ಜೊತೆ ರಾಯಚೂರಿಗೆ ಬಂದ ಮೇಲೆ ನಿಮ್ಮ ಒಂದೇ ಹೆಮ್ಮೆ, ದಿನಾ ಚಪಾತಿ. ರೊಟ್ಟಿ ಬಡಿಯುವ ಕಾಲ ಮುಗಿಯಿತು, ಇದು ನೌಕರಿದಾರನ ಮನೆ ಅನ್ನುತ್ತಿದ್ದಿರಿ.

ಒಂದು ಸಲ ನಿಜ ಹೇಳಿದ್ದೇನೆ ನಿಮಗೆ. ನೆನಪಿತ್ತೋ ಇಲ್ಲವೋ.

"ಅತ್ತೀ, ನನಗ ಗೋಧಿ ಒಗ್ಗಂಗಿಲ್ರೀ."

"ಗೋಧಿ ಒಗ್ಗದ ಹೊಟ್ಟಿ ಎಲ್ಯರ ಅದ ಏನವಾ? ಇಲ್ಲದೋರು ಬಿಡ್ತಾರ. ಇದ್ದೂ ಬಿಡೋರನ್ನ ನಾ ಕಂಡಿಲ್ಲ."

ಅಷ್ಟೇ. ಬಂದ ಬಂದವರ ಮುಂದೆ ಅದು ನಗೆಯ ಮಾತಾಯಿತು. ಸೊಸೆಗೆ ಅನ್ನವೇ ಬೇಕಂತೆ, ದೇವದುರ್ಗದ ಅರಸೊತ್ತಿಗೆಯವಳು. ನಾನು ಅವಮಾನಕ್ಕೆ ಹೆದರಿ ತಿಂದೆ. ತಿಂದೆ ಮತ್ತು ಒಣಗಿದೆ. ಎರಡು ಸಲ ಬಸಿರು ನಿಂತು ಉಳಿಯಲಿಲ್ಲ. ಗೋಧಿಯಿಂದ ಅಂತ ನನಗೆ ಅನುಮಾನವಿತ್ತು, ಹೇಳುವ ಧೈರ್ಯ ಇರಲಿಲ್ಲ. ಕುರ್ಡಿಯಿಂದ ಬಂದ ನಿಮ್ಮ ತಂಗಿ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕೂತು, ಇವಳಲ್ಲಿ ಹುರುಳಿಲ್ಲ, ಇನ್ನೊಂದು ನೋಡು ಅಂದದ್ದು ಒಳಗೆ ನನಗೆ ಕೇಳಿತು. ನೀವು ಹೂಂ ಅನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ. ಮರುವಾರ ನನ್ನನ್ನು ಗೂಗಲ್ಲಿಗೆ ಕರೆದುಕೊಂಡು ಹೋದಿರಿ.

ಕೃಷ್ಣೆಯಲ್ಲಿ ಮುಳುಗೆದ್ದು ಒದ್ದೆ ಸೀರೆಯಲ್ಲಿ ನಿಂತಿದ್ದೆ. ನೀವು ಗುಡಿಯ ಕಡೆ ಕೈ ತೋರಿಸಿ ಅಂದಿರಿ, "ದೇವರಿಗೆ ಏನರ ಬಿಡು ಯವ್ವಾ. ಜೀವಕ್ಕ ಪ್ರೀತಿ ಇದ್ದದ್ದು ಬಿಡು. ಕೂಸು ಕೊಡ್ತಾನ."

ನನ್ನ ನಾಲಗೆ ನನ್ನನ್ನು ಕೇಳಲೇ ಇಲ್ಲ.

"ಗೋಧಿ ಬಿಟ್ಟೀನ್ರೀ."

"ಚಪಾತಿನ?"

"ಗೋಧಿದು ಏನಿದ್ರೂ. ಕೂಸು ಆಗೋತನಕ ಮುಟ್ಟಂಗಿಲ್ಲ ಅಂತ ಬೇಡಿಕೊಂಡೀನಿ."

ಇದು ಮೊದಲನೆಯ ಸುಳ್ಳು. ನೀವು ನನ್ನ ಮುಖವನ್ನೇ ನೋಡಿದಿರಿ. ಸಿಕ್ಕಿಬಿದ್ದೆ ಅಂದುಕೊಂಡೆ. ನೀವು ಮತ್ತೆ ಹೊಳೆಗೆ ಇಳಿದು, ಬೊಗಸೆಯಲ್ಲಿ ನೀರು ತುಂಬಿಕೊಂಡು ಹೇಳಿದಿರಿ, "ಮೊಮ್ಮಗು ಬೇಕಂತ ಕೇಳಾಕತ್ತಾಕಿ ನಾನು. ನೀ ಒಬ್ಬಾಕಿ ಯಾಕ ಬಿಡಬೇಕು? ನಾನೂ ಬಿಟ್ಟೀನಿ." ನೀರು ಬೆರಳ ಸಂದಿಯಿಂದ ಸೋರಿ ಹೊಳೆ ಸೇರಿತು.

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಕೂಸು ಆಗುವ ತನಕ ತಾನೆ, ಅಂದುಕೊಂಡೆ.

ಅವತ್ತಿನಿಂದ ಶುರುವಾದದ್ದನ್ನು ನೆನೆಸಿದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ, ನಗುವೂ ಬರುತ್ತದೆ. ರೋಗ ಅಂದಾಗ ಮೂಗು ಮುರಿದ ಜನ ಹರಕೆ ಅಂದ ಕೂಡಲೇ ದಾರಿ ಬಿಟ್ಟು ನಿಂತರು. ನಾನು ಕಲಿಸುವ ಶಾಲೆಯಲ್ಲಿ ಹೆಡ್ಮಾಸ್ತರು ಬಿಸ್ಕೀಟು ಹಂಚುವಾಗ ನನ್ನ ಮುಂದೆ ಬಾಳೆಹಣ್ಣು ಇಟ್ಟರು. ಓಣಿಯ ಹೆಂಗಸರು ಹೋಳಿಗೆಯ ತಾಟು ತಂದು, ನನಗಂತ ಬೇರೆ ಡಬ್ಬಿಯಲ್ಲಿ ಬೆಲ್ಲ ಕೊಬ್ಬರಿ ತಂದರು. ನೀವೋ, ಹರಕೆಯ ಅಡಿಗೆಗೆ ಗೋಧಿಯ ಎಂಜಲು ತಾಗಬಾರದು ಅಂತ ನಮ್ಮಿಬ್ಬರಿಗೆ ಬೇರೆ ಹೆಂಚು, ಹಿಟ್ಟು ನಾದಲು ಬೇರೆ ಕೊಮಣಿಗೆ, ಬೇರೆ ಒಲೆ ಮಾಡಿದಿರಿ. ಹೈದರಾಬಾದಿನ ಡಾಕ್ಟರು ಹೇಳಿದ್ದು ಅದನ್ನೇ, ಅತ್ತೆ. ನನ್ನ ಮಾತಿನಲ್ಲಿ ಹೇಳಿದಾಗ ನೀವು ಕೇಳಲಿಲ್ಲ, ದೇವರ ಮಾತು ಅಂದಾಗ ಕೇಳಿದಿರಿ. ಹಾಗಾದರೆ ದೇವರ ಬಾಯಲ್ಲಿ ನನ್ನ ಮಾತು ಹಾಕಿದ್ದು ತಪ್ಪೇ? ತಪ್ಪಲ್ಲ. ಬದುಕಬೇಕಿತ್ತು ನಾನು.

ಹೊಟ್ಟೆ ಕೆಟ್ಟಾಗಲೆಲ್ಲ ನನ್ನ ದೇವರು ಒಂದೊಂದು ಹೊಸ ನಿಯಮ ತಂದ. ಶಾವಿಗೆ ಬೇಡ ಅಂದ. ಡಬ್ಬಿಯ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರೆ ಅಂತ ಗೊತ್ತಾದಾಗ ಇಂಗೂ ಬೇಡ ಅಂದ. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸುತ್ತಾರಲ್ಲ, ಆ ಹಿಟ್ಟಿನಿಂದ ಮತ್ತೆ ಹೊಟ್ಟೆ ಕೆಟ್ಟಾಗ ಗಿರಣಿಯೂ ಬೇಡ ಅಂದ. "ಗೂಗಲ್ ದೇವರು ಭಾಳ ಕಟ್ಟುನಿಟ್ಟು" ಅಂದಿರಿ ನೀವು. ಅಟ್ಟದಿಂದ ಬೀಸುಕಲ್ಲು ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಮ್ಮಿಬ್ಬರ ಪಾಲಿನ ಜೋಳ ನೀವೇ ಬೀಸಿದಿರಿ. ನಾನು ಕೈ ಹಚ್ಚಲು ಬಂದರೆ, ಶಾಲಿಗೆ ಹೊತ್ತಾತು ಹೋಗು ಅಂತ ಅಟ್ಟುತ್ತಿದ್ದಿರಿ. ಆ ಹಿಟ್ಟಿನ ರೊಟ್ಟಿ ತಿಂದು ನಾನು ಕೊಬ್ಬಿದೆ. ಕೆನ್ನೆ ತುಂಬಿತು, ಜಡೆ ಮರಳಿ ಬಂತು. ನಿಮ್ಮ ಮಗನ ಆಫೀಸರ ಮನೆಯ ಹೆಂಗಸರು ರೊಟ್ಟಿಯನ್ನು ಬಡವರ ಊಟ ಅಂದಾಗ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಬೆಣ್ಣೆ, ಖಾರದ ಶೇಂಗಾ ಹಿಂಡಿ ಇಟ್ಟು ಅವರ ಮುಂದೆಯೇ ಬುತ್ತಿ ಬಿಚ್ಚಿ ಉಂಡೆ. ಒಬ್ಬೊಬ್ಬರಾಗಿ ಕೈ ಚಾಚಿದರು. ಊರಿಗೆ ಹೊರಟರೆ ಬುತ್ತಿ ನನ್ನ ಹೆಗಲಿಗೆ. ನಾನು ಯಾರ ಮನೆಯಲ್ಲೂ ಹಸಿದು ಕೂರಲಿಲ್ಲ, ಯಾರ ಮುಂದೆಯೂ ತಲೆ ತಗ್ಗಿಸಲಿಲ್ಲ.

ಮಗಳು ಹುಟ್ಟಿದಳು. ಹೊಳೆಯ ಹೆಸರು ಇಡಬೇಕು ಅಂತ ನೀವೇ ಕೃಷ್ಣವೇಣಿ ಅಂದಿರಿ, ವೇಣಿ ಅಂತ ಕರೆದಿರಿ. ಅವಳು ನಡೆಯುವ ಹೊತ್ತಿಗೆ ಒಂದು ದಿನ ನಾನು ಶಾಲೆಯಿಂದ ಬಂದರೆ ನೀವು ಒರಳ ಮುಂದೆ ಕೂತು ಗೋಧಿ ಕುಟ್ಟುತ್ತಿದ್ದಿರಿ. ಮುಖ ಮದುಮಗಳ ಹಾಗೆ ಅರಳಿತ್ತು.

"ಸೋಮವಾರ ಗೂಗಲ್ಲಿಗೆ ಹೋಗಿ ಹರಕಿ ತೀರಿಸೋಣು. ಅಲ್ಲೇ ಹೊಳಿ ದಂಡ್ಯಾಗ ಹುಗ್ಗಿ ಮಾಡ್ತೀನಿ. ದೇವರ ಮುಂದ ಇಬ್ಬರೂ ಉಣ್ಣೋಣು."

ಈಗ ನನ್ನನ್ನು ನೋಡಿ, ಅತ್ತೆ. ಅಲ್ಲೇ ಕೂತು ನಿಜ ಹೇಳಬಹುದಿತ್ತು. ಕೂಸು ಮನೆ ತುಂಬಾ ನಡೆದಾಡುತ್ತಿತ್ತು, ನಾನು ಗಟ್ಟಿಯಾಗಿದ್ದೆ, ಇನ್ನೊಂದು ಮದುವೆಯ ಮಾತು ಯಾವತ್ತೋ ಸತ್ತಿತ್ತು. ಬೈಯುತ್ತಿದ್ದಿರಿ, ಅಷ್ಟೇ. ಆದರೆ ನನಗೆ ಕಂಡದ್ದು ಆ ಬೇರೆ ಒಲೆ, ಬೇರೆ ಹೆಂಚು, ಬೀಸುಕಲ್ಲಿನ ಹಿಟ್ಟು — ಅವೆಲ್ಲ ಒಂದೇ ದಿನದಲ್ಲಿ ಹೋಗಿಬಿಡುತ್ತವೆ ಅಂತ. ಬಾಯಿ ತೆರೆದೆ.

"ಹರಕಿ ತೀರಿಲ್ರೀ. ಕೂಸು ಉಳಿಬೇಕಂತ... ನನ್ನ ಜೀವ ಇರೋತನಕ ಬಿಟ್ಟೀನಿ. ಮುರದ್ರ ಕೂಸಿಗೆ —"

ಅರ್ಧಕ್ಕೇ ನಿಲ್ಲಿಸಿದೆ. ಅರ್ಧವೇ ಸಾಕಾಯಿತು. ನಿಮ್ಮ ಕೈಯಲ್ಲಿದ್ದ ಒನಕೆ ಮೆಲ್ಲಗೆ ಕೆಳಗಿಳಿಯಿತು. ಕುಟ್ಟಿದ ಗೋಧಿಯನ್ನೆಲ್ಲ ಬಾಚಿ ಪಕ್ಕದ ಮನೆಗೆ ಕೊಟ್ಟು ಬಂದಿರಿ. ಹರಕೆ ನನ್ನದು, ನೀವು ಉಣ್ಣಿ ಅಂತ ನಾನು ಕಾಡಿದೆ, ಬೇಡಿದೆ. "ಕೈಯಾಗ ನೀರು ಹಿಡಿದು ಅಂದಾಕಿ ನಾನು. ನಾ ಮುರದ್ರ ಕೂಸಿಗೆ ತಟ್ಟಂಗಿಲ್ಲೇನು?" ಅಂದಿರಿ.

ಇದು ಎರಡನೆಯದು. ಮೊದಲನೆಯದು ನನ್ನ ಜೀವ ಉಳಿಸಿಕೊಳ್ಳಲು ಹೇಳಿದ್ದು. ಇದು ನನ್ನ ಅನುಕೂಲಕ್ಕೆ, ನಿಮ್ಮ ಕುತ್ತಿಗೆಗೆ ನಿಮ್ಮ ಮೊಮ್ಮಗಳನ್ನೇ ಕಟ್ಟಿ ಹೇಳಿದ್ದು.

ಆಮೇಲೂ ಮಾನ್ವಿಯಿಂದ ಕರೆ ಬರುತ್ತಿತ್ತು, ನೀವು ಹೋಗಿ ಹುಗ್ಗಿ ಮಾಡುತ್ತಿದ್ದಿರಿ. ನಾಲಗೆಗೆ ಮುಟ್ಟಿಸದೆ, ಬರೀ ವಾಸನೆಯಲ್ಲಿ ಬೆಲ್ಲದ ಅಳತೆ ಹೇಳುತ್ತಿದ್ದಿರಿ. ಜನ ಹೊಗಳುತ್ತಿದ್ದರು. ನಾನು ಪಂಕ್ತಿಯಲ್ಲಿ ಬುತ್ತಿ ಬಿಚ್ಚಿಕೊಂಡು ನಿಮ್ಮ ಮುಖ ನೋಡದೆ ಉಣ್ಣುತ್ತಿದ್ದೆ. ಒಂದು ಸಲ ಮನಸ್ಸು ತಡೆಯದೆ ನವಣೆಯಲ್ಲಿ ಹುಗ್ಗಿ ಮಾಡಿಕೊಟ್ಟೆ. ಪೂರ್ತಿ ಉಂಡಿರಿ, ತಾಟು ತೊಳೆದಿಟ್ಟಿರಿ. "ಛಲೋ ಆಗ್ಯದ ಯವ್ವಾ. ಹುಗ್ಗಿ ಮಾತ್ರ ಅಲ್ಲ" ಅಂದಿರಿ. ಇಬ್ಬರೂ ನಕ್ಕೆವು. ನಾನು ಹಿತ್ತಲಿಗೆ ಹೋಗಿ ಕಣ್ಣೀರು ಹಾಕಿದೆ.

ಕೊನೆಯ ದಿನಗಳಲ್ಲಿ ನಿಮಗೆ ಗಂಜಿಯೂ ಇಳಿಯುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ತೊಟ್ಟಿಲ ಕಾರ್ಯ, ಹುಗ್ಗಿ ಕುದಿಯುತ್ತಿತ್ತು. ಕಣ್ಣು ಮುಚ್ಚಿಕೊಂಡೇ ನೀವು ಅಂದಿರಿ, "ಬೆಲ್ಲ ಮೊದಲ ಹಾಕ್ಯಾರ. ಗೋಧಿ ಇನ್ನಾ ಅರಳಿಲ್ಲ." ನಾನು ಹೋಗಿ ಬಟ್ಟಲಲ್ಲಿ ಇಸಿದುಕೊಂಡು ಬಂದೆ. ಚಮಚ ತುಟಿಯ ಹತ್ತಿರ ಹಿಡಿದೆ. ನೀವು ವಾಸನೆ ಎಳೆದುಕೊಂಡಿರಿ, ತುಟಿ ಅಲುಗಿತು — ಮತ್ತೆ ಬಿಗಿಯಾಗಿ ಮುಚ್ಚಿಕೊಂಡಿರಿ.

"ಬ್ಯಾಡ. ವೇಣಿಗೆ ಏನರ ಆದೀತು."

ಹರಕೆ ಇಲ್ಲ ಅತ್ತೆ, ಉಣ್ಣಿ. ಇಷ್ಟು ಹೇಳಿದ್ದರೆ ಸಾಕಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಚಮಚ ಬಟ್ಟಲಿಗೆ ಹಾಕಿದೆ.

ನೀವಿರುವ ತನಕ ಹರಕೆಯ ಕೂಸಿಗೆ ಗೋಧಿ ಬೇಡ ಅಂತ ವೇಣಿಗೂ ಕೊಡಲಿಲ್ಲ. ನೀವು ಹೋದ ಮೇಲೆ ಅವಳು ಅಪ್ಪನ ಜೊತೆ ಚಪಾತಿ, ಬ್ರೆಡ್ಡು ತಿನ್ನತೊಡಗಿದಳು. ನಾನು ತಡೆಯಲಿಲ್ಲ. ನನ್ನ ರೋಗ ಅವಳಿಗೇಕೆ ಬಂದೀತು ಅಂದುಕೊಂಡೆ. ಬಂತು. ಅದೇ ಭೇದಿ, ಅದೇ ಉಬ್ಬಿದ ಹೊಟ್ಟೆ. ಹೈದರಾಬಾದಿನಲ್ಲಿ ಅದೇ ಹೆಸರು ಹೇಳಿದರು. ಹರಕೆ ಸಡಿಲಾಯಿತು, ದೇವರು ಮುನಿದ ಅಂತ ನೆಂಟರು ಮಾತಾಡಿಕೊಂಡರು. ಅದನ್ನು ಕೇಳಿಸಿಕೊಂಡ ಹುಡುಗಿ ನನ್ನ ಬಳಿ ಬಂದು, "ನಾ ತಿಂದದ್ದಕ್ಕ ದೇವರಿಗೆ ಸಿಟ್ಟು ಬಂದದ ಏನವ್ವಾ?" ಅಂದಳು. ಅವಳ ಕಣ್ಣಲ್ಲಿ ನಿಮ್ಮ ಹೆದರಿಕೆಯೇ ಇತ್ತು.

ಅವಳಿಗೆ ಎಲ್ಲ ಹೇಳಿದೆ. ಕೇಳಿ ಮುಗಿಸಿ ಒಂದೇ ಪ್ರಶ್ನೆ ಕೇಳಿದಳು. "ಹಂಗಾದ್ರ ಅಜ್ಜಿ ಹುಗ್ಗಿ ಉಣ್ಣಬಹುದಿತ್ತಾ?"

"ಹೂಂ" ಅಂದೆ. ಅವಳು ಎದ್ದು ಹೋದಳು.

ಇವತ್ತು ನಿಮ್ಮ ವರ್ಷದ ಎಡೆ. ಬೆಳಿಗ್ಗೆ ನಿಮ್ಮ ಒರಳಲ್ಲೇ ಗೋಧಿ ಕುಟ್ಟಿದೆ. ಹಿಟ್ಟಿನ ಧೂಳು ಹೋಗಬಾರದು ಅಂತ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದೆ. ಬೆಲ್ಲ ಹಾಕುವಾಗ ಬಟ್ಟೆ ಬಿಚ್ಚಿ, ವಾಸನೆಯ ಮೇಲೆ ಅಳತೆ ಹಿಡಿದೆ. ನೆಂಟರೆಲ್ಲ ಕೂತಿದ್ದಾಗ ನಿಂತು ಹೇಳಿದೆ — ರೋಗದ ಹೆಸರು, ಎರಡೂ ಸುಳ್ಳು. ನಿಮ್ಮ ತಂಗಿ ತಾಟು ಸರಿಸಿ ಎದ್ದು ಹೋದರು. ದೇವರ ಹೆಸರಲ್ಲಿ ಮೋಸ ಮಾಡಿದವಳು ಅಂದರು. ಅನ್ನಲಿ, ದೇವರ ಲೆಕ್ಕಕ್ಕೆ ನಾನು ಹೆದರಲ್ಲ. ನಿಮ್ಮ ಮಗ ಮಾತ್ರ ಗೋಡೆಯ ಕಡೆ ತಿರುಗಿ ಕೂತರು.

ನನ್ನ ಮಗಳು ಯಾವ ದೇವರ ಹಿಂದೆಯೂ ಅಡಗುವುದಿಲ್ಲ. ನನಗೆ ಗೋಧಿ ಆಗುವುದಿಲ್ಲ ಅಂತ ತನ್ನ ಬಾಯಿಂದಲೇ ಹೇಳುತ್ತಾಳೆ, ಹೋದ ಮನೆಯಲ್ಲೂ ಹೇಳುತ್ತಾಳೆ. ನಂಬದವರ ಮನೆಯಿಂದ ಎದ್ದು ಬರಲಿ. ಇಲ್ಲಿ ಬೀಸುಕಲ್ಲು ಇದೆ, ಅದನ್ನು ಈಗ ನಾನೇ ತಿರುಗಿಸುತ್ತೇನೆ.

ಎಲ್ಲರೂ ಹೋದ ಮೇಲೆ ವೇಣಿ ಎಡೆಯ ಮುಂದೆ ಬಂದು ಕೂತಳು. ಹುಗ್ಗಿಯ ನಡುವೆ ಗುಳಿ ಮಾಡಿ ತುಪ್ಪ ತುಂಬಿದಳು, ನೀವು ಬೇರೆಯವರಿಗೆ ಬಡಿಸುತ್ತಿದ್ದ ಹಾಗೆಯೇ. ಆಮೇಲೆ ನನ್ನ ಕಡೆ ನೋಡಿದಳು. ಹೇಳಬೇಕಾದವಳು ನಾನು. ಹೇಳಿದೆ.

ಅತ್ತೀ, ಉಣ್ಣರಿ. ಹರಕಿ ಇರಲಿಲ್ಲ.